ಸರಿಯಿಲ್ಲದ ತಕ್ಕಡಿಗೆ ಸುಳ್ಳು ಹೇಳಬಹುದೇ?



ವಾರ್ಷಿಕ ಉತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಟ್ರಸ್ಟಿನ ಹಿರಿಯರು ಆಗ್ರಹಪಡಿಸಿದಾಗ ನಾನು ಸಂಕೋಚಪಟ್ಟೆನು. ನಾನು ಮೆಟ್ರಿಕ್‌ವರೆಗೆ ಮಾತ್ರ ಓದಿದವನು, ಶಾಸ್ತ್ರವನ್ನು ಅಭ್ಯಸಿಸಿದ ಪಂಡಿತನಲ್ಲ. ನಲವತ್ತು ವರ್ಷಗಳಿಂದ ಅಕ್ಕಲಕೋಟೆಯ ಪೇಟೆಯಲ್ಲಿ ಜೋಳ, ತೊಗರಿ, ಕಡಲೆಗಳನ್ನು ತೂಗಿ ಮಾರುತ್ತ ಬಂದಿದ್ದೇನೆ. ಆದ್ದರಿಂದ ನನಗೆ ಸ್ವಲ್ಪಮಟ್ಟಿಗೆ ತಿಳಿದಿರುವ ತೂಕದ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಆದರೆ ಈ ತೂಕ ಅಂಗಡಿಯದಲ್ಲ, ಊಟದ್ದು. ಇತ್ತೀಚೆಗೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಕಿರಿಯರೂ ಹಿರಿಯರೂ ಮೊಬೈಲಿನಲ್ಲಿ ತಾವು ಉಂಡ ಊಟದ ಲೆಕ್ಕವನ್ನು ಬರೆದಿಡುತ್ತಿದ್ದಾರೆ. ಆ ಲೆಕ್ಕ ಎಷ್ಟು ಸರಿ, ಅದು ಸರಿಯಿಲ್ಲದಿದ್ದರೆ ನಮ್ಮ ಕರ್ತವ್ಯವೇನು ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದಂತೆ ವಿಚಾರ ಮಾಡಿದ್ದೇನೆ.

ಎರಡು ವರ್ಷಗಳ ಹಿಂದೆ ವೈದ್ಯರು ನನ್ನ ರಕ್ತವನ್ನು ಪರೀಕ್ಷಿಸಿ ಮಧುಮೇಹವಿದೆಯೆಂದು ತಿಳಿಸಿದರು. ಔಷಧದ ಜೊತೆಗೆ ದೇಹದ ತೂಕವನ್ನು ಇಳಿಸಬೇಕೆಂದೂ ಹೇಳಿದರು. ಅಂದೇ ಸಂಜೆ ಮಗನು ನನ್ನ ಮೊಬೈಲಿನಲ್ಲಿ ಒಂದು ಆ್ಯಪನ್ನು ಹಾಕಿಕೊಟ್ಟನು. ತಿಂದ ಪದಾರ್ಥದ ಹೆಸರನ್ನೂ ಪ್ರಮಾಣವನ್ನೂ ಬರೆದರೆ ಅದು ಇಷ್ಟು ಕ್ಯಾಲೊರಿ ಎಂದು ಲೆಕ್ಕ ತೋರಿಸುತ್ತದೆ. ಕ್ಯಾಲೊರಿಯೆಂದರೆ ಶಕ್ತಿಯ ಅಳತೆ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಊಟದ ಲೆಕ್ಕದ ಒಂದು ಕ್ಯಾಲೊರಿ.

ವ್ಯಾಪಾರಿಯಾದವನು ಹೊಸ ತಕ್ಕಡಿಯನ್ನು ತಂದ ದಿನ ಮೊದಲು ಮಾಡುವ ಕೆಲಸವೆಂದರೆ ಅದನ್ನು ಪರೀಕ್ಷಿಸುವುದು. ನಾನೂ ಹಾಗೆಯೇ ಮಾಡಿದೆನು. ‘ಒಂದು ಜೋಳದ ರೊಟ್ಟಿ’ ಎಂದು ಬರೆದಾಗ ಆ ಒಂದೇ ಹೆಸರಿನ ಕೆಳಗೆ ಹಲವು ಅಂಕಿಗಳು ಕಾಣಿಸಿಕೊಂಡವು. ಎಲ್ಲಕ್ಕಿಂತ ಹೆಚ್ಚಿನದು ಎಲ್ಲಕ್ಕಿಂತ ಕಡಿಮೆಯದರ ಎರಡು ಪಟ್ಟಿಗಿಂತಲೂ ಅಧಿಕವಾಗಿತ್ತು. ಆಶ್ಚರ್ಯಪಟ್ಟು ನಮ್ಮ ಮನೆಯ ರೊಟ್ಟಿಗೆ ಬೇಕಾಗುವ ಹಿಟ್ಟನ್ನೇ ತೂಗಿದೆನು. ಮೆತ್ತನೆಯ ರೊಟ್ಟಿಯೊಂದಕ್ಕೆ 60 ಗ್ರಾಂ ಹಿಟ್ಟು, ತೆಳ್ಳಗೆ ಬಡಿದು ಒಣಗಿಸುವ ಕಡಕ ರೊಟ್ಟಿಗೆ 35 ಗ್ರಾಂ. ಮೊದಲನೆಯದು ಸುಮಾರು 200 ಕ್ಯಾಲೊರಿ, ಎರಡನೆಯದು ಸುಮಾರು 117. ಹೀಗೆ ಹೆಸರು ಒಂದೇ ಆದರೂ ವಸ್ತು ಬೇರೆ. ‘ಒಂದು ಚೀಲ ಜೋಳ’ ಎಂದಷ್ಟೇ ಹೇಳಿ ತೂಕವನ್ನು ಹೇಳದೆ ಹೋದರೆ ಯಾವ ಅಡತಿಯವನು ಬೆಲೆ ಕಟ್ಟಿಯಾನು?

ಈ ಅಂಕಿಗಳು ಎಲ್ಲಿಂದ ಬಂದವೆಂಬ ಕುತೂಹಲ ಹುಟ್ಟಿತು. ಬಿ.ಎಸ್ಸಿ. ಓದಿದ ನನ್ನ ಸೊಸೆ ತಾನು ಓದಿ ನನಗೆ ತಿಳಿಸಿಕೊಟ್ಟಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಎಂಬ ವಿಜ್ಞಾನಿಯು ಆಹಾರ ಪದಾರ್ಥಗಳನ್ನು ಸುಟ್ಟು ಅವುಗಳ ಶಾಖವನ್ನು ಅಳೆದನು. ಮನುಷ್ಯರನ್ನು ಒಂದು ಕೋಣೆಯೊಳಗಿರಿಸಿ ಅವರು ವ್ಯಯಿಸುವ ಶಕ್ತಿಯನ್ನೂ ಅಳೆದನು. ದೇಹವು ಜೀರ್ಣಿಸಿಕೊಳ್ಳದೆ ಹೊರಹಾಕುವ ಭಾಗವನ್ನು ಕಳೆದು, ಒಂದು ಗ್ರಾಂ ಪಿಷ್ಟ ಇಲ್ಲವೆ ಸಕ್ಕರೆಗೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ ಎಂಬ ಲೆಕ್ಕವನ್ನು ಕೊಟ್ಟನು. ಇಂದಿನ ಪೊಟ್ಟಣಗಳ ಮೇಲಿನ ಅಂಕಿಗಳಿಗೂ ಮೊಬೈಲಿನ ಅಂಕಿಗಳಿಗೂ ಬಹುಮಟ್ಟಿಗೆ ಇದೇ ಅಡಿಪಾಯ.

ನಮ್ಮ ದೇಶದ ಆಹಾರಗಳ ಕೋಷ್ಟಕ ಸಿದ್ಧವಾದದ್ದು ನೀಲಗಿರಿಯ ಕೂನೂರಿನಲ್ಲಿ. ಅಲ್ಲಿಯ ಪ್ರಯೋಗಶಾಲೆಯ ಆಕ್ರಾಯ್ಡ್ ಎಂಬವರು 1937ರಲ್ಲಿ ಭಾರತೀಯ ಆಹಾರಗಳ ಪೋಷಣಾ ಮೌಲ್ಯವನ್ನು ತಿಳಿಸುವ ಪುಸ್ತಿಕೆಯನ್ನು ಹೊರತಂದರು. 1958ರಲ್ಲಿ ಆ ಪ್ರಯೋಗಶಾಲೆಯು ಹೈದರಾಬಾದಿಗೆ ಸ್ಥಳಾಂತರಗೊಂಡಿತು. ಇಂದು ಅದು ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂದು ಪ್ರಸಿದ್ಧವಾಗಿದೆ. ಆ ಸಂಸ್ಥೆ 2017ರಲ್ಲಿ ದೇಶದ ಆರು ವಲಯಗಳಿಂದ ಮಾದರಿಗಳನ್ನು ತರಿಸಿ 528 ಆಹಾರಗಳ ಹೊಸ ಕೋಷ್ಟಕವನ್ನು ಪ್ರಕಟಿಸಿತು. ಹಳೆಯ ಕೋಷ್ಟಕದಲ್ಲಿ 100 ಗ್ರಾಂ ಜೋಳಕ್ಕೆ 349 ಕ್ಯಾಲೊರಿ ಇದ್ದರೆ ಹೊಸದರಲ್ಲಿ ಅದು ಸುಮಾರು 334. ಶೇಂಗಾಕ್ಕೆ ಹಿಂದೆ 567 ಇದ್ದದ್ದು ಈಗ ಸುಮಾರು 520. ಇದರಲ್ಲಿ ಯಾರ ಮೋಸವೂ ಇಲ್ಲ. ಮಾದರಿ ಬೇರೆ, ಪರೀಕ್ಷೆಯ ಕ್ರಮವೂ ಬೇರೆ. ಮಂಗಳವೇಢೆಯ ಮಾಲದಂಡಿ ಜೋಳ ಸುಗ್ಗಿಯಲ್ಲಿ ಪೇಟೆಗೆ ಬಂದಾಗ ಇರುವ ತೇವಾಂಶ ನಾಲ್ಕು ತಿಂಗಳು ಕಳೆದ ಮೇಲೆ ಇರುವುದಿಲ್ಲವೆಂಬುದು ನಮಗೆಲ್ಲ ತಿಳಿದೇ ಇದೆ. ಹಸಿ ಮಾಲಿನ ಕ್ವಿಂಟಲಿನಲ್ಲಿ ನೀರು ಹೆಚ್ಚು, ಕಾಳು ಕಡಿಮೆ. ಪುಸ್ತಕದಲ್ಲಿರುವ ಜೋಳ ಸರಾಸರಿಯ ಜೋಳ. ನಮ್ಮ ತಟ್ಟೆಯಲ್ಲಿರುವುದು ಒಂದು ಹೊಲದ ಜೋಳ.

ಇನ್ನೂ ಸೂಕ್ಷ್ಮವಾದ ಸಂಗತಿಯಿದೆ. ಅಮೆರಿಕದ ಸರ್ಕಾರಿ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಜನರಿಗೆ ಬಾದಾಮಿಯನ್ನು ತಿನ್ನಿಸಿ ಪರೀಕ್ಷಿಸಿದರು. ಲೆಕ್ಕದ ಪ್ರಕಾರ 28 ಗ್ರಾಂ ಬಾದಾಮಿಯಿಂದ ಸುಮಾರು 170 ಕ್ಯಾಲೊರಿ ದೊರೆಯಬೇಕಾಗಿತ್ತು. ದೇಹಕ್ಕೆ ನಿಜವಾಗಿ ದಕ್ಕಿದ್ದು 129 ಮಾತ್ರ. ಗಟ್ಟಿಯಾದ ಬೀಜದೊಳಗಿನ ಕೊಬ್ಬಿನ ಒಂದು ಭಾಗವು ಜೀರ್ಣವಾಗದೆಯೇ ಹೊರಗೆ ಹೋಗಿತ್ತು. ಆ ದೇಶದ ಕಾನೂನು ಕೂಡ ಪೊಟ್ಟಣದ ಮೇಲೆ ಮುದ್ರಿಸಿದ ಕ್ಯಾಲೊರಿಗಿಂತ ಒಳಗಿನ ಪದಾರ್ಥದಲ್ಲಿ ಶೇಕಡ 20ರವರೆಗೆ ಹೆಚ್ಚಿದ್ದರೆ ಅದನ್ನು ತಪ್ಪೆಂದು ಎಣಿಸುವುದಿಲ್ಲ. ಇನ್ನು ಆ್ಯಪ್‌ಗಳ ಮಾತು. ಕೆಲವು ಆ್ಯಪ್‌ಗಳಲ್ಲಿ ಬಳಕೆದಾರರೇ ಪದಾರ್ಥಗಳ ಅಂಕಿಗಳನ್ನು ಸೇರಿಸಬಹುದಾಗಿದೆ. ಒಬ್ಬರು ಬೇಯಿಸಿದ ಅನ್ನವನ್ನು ಅಕ್ಕಿಯೆಂದು ಬರೆದರೆ ಲೆಕ್ಕ ಎರಡೂವರೆ ಪಟ್ಟು ಏರುತ್ತದೆ, ಏಕೆಂದರೆ ಅನ್ನದ ತೂಕದಲ್ಲಿ ಬಹುಭಾಗ ನೀರು. ತಟ್ಟೆಯ ಛಾಯಾಚಿತ್ರವನ್ನು ನೋಡಿ ಲೆಕ್ಕ ಹೇಳುವ ಆ್ಯಪ್‌ಗಳೂ ಬಂದಿವೆ. ಪಲ್ಯದ ಮೇಲ್ಭಾಗ ಚಿತ್ರದಲ್ಲಿ ಕಾಣುತ್ತದೆ, ಒಳಗೆ ಇಳಿದ ಎಣ್ಣೆ ಕಾಣುವುದಿಲ್ಲ.

ಇಷ್ಟೆಲ್ಲವನ್ನೂ ತಿಳಿದ ಮೇಲೆ ‘ಈ ತಕ್ಕಡಿಯನ್ನು ಎಸೆದುಬಿಡಬೇಕು’ ಎಂದು ಮನಸ್ಸಿಗೆ ತೋರಿತು. ಆದರೆ ನನ್ನ ತಂದೆಯವರ ಕಾಲದ ಕೈತಕ್ಕಡಿ ನೆನಪಾಯಿತು. ಹಳೆಯ ಕೈತಕ್ಕಡಿಗಳಲ್ಲಿ ಎರಡು ತಟ್ಟೆಗಳು ಪೂರ್ಣ ಸಮವಾಗಿರುತ್ತಿದ್ದುದು ಅಪರೂಪ. ಆ ಅಂತರಕ್ಕೆ ನಮ್ಮ ಕಡೆ ‘ಪಾಸಂಗ’ ಎನ್ನುತ್ತಾರೆ. ತಂದೆಯವರು ಪ್ರತಿದಿನ ಅಂಗಡಿಯನ್ನು ತೆರೆದೊಡನೆ ಬರಿಯ ತಕ್ಕಡಿಯನ್ನು ಎತ್ತಿ ನೋಡಿ, ಹಗುರವಾದ ತಟ್ಟೆಗೆ ಒಂದು ಸಣ್ಣ ಕಲ್ಲನ್ನು ಕಟ್ಟುತ್ತಿದ್ದರು. ಅನಂತರ ಇಡೀ ದಿನ ಆ ತಕ್ಕಡಿಯಿಂದ ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ. ಪಾಸಂಗ ಇರುವುದು ದೋಷವಲ್ಲ, ಅದನ್ನು ತಿಳಿದೂ ಸರಿಪಡಿಸದಿರುವುದು ದೋಷ. ಊಟದ ಆ್ಯಪಿಗೂ ಇದೇ ನ್ಯಾಯ ಸಲ್ಲುತ್ತದೆಯೆಂದು ನಾನು ತಿಳಿದೆನು. ನನ್ನ ಮನೆಯ ರೊಟ್ಟಿಯನ್ನು ದಿನವೂ ಒಂದೇ ರೀತಿಯಲ್ಲಿ ಬರೆಯುತ್ತ ಹೋದರೆ ಅಂಕಿ ಸ್ವಲ್ಪ ಹೆಚ್ಚೋ ಕಡಿಮೆಯೋ ಇದ್ದರೂ ನಿನ್ನೆಗಿಂತ ಇಂದು ಹೆಚ್ಚು ತಿಂದೆನೇ, ಕಡಿಮೆ ತಿಂದೆನೇ ಎಂಬುದು ತಿಳಿದೇ ತಿಳಿಯುತ್ತದೆ.

ಹೀಗೆ ಮೂರು ತಿಂಗಳ ಕಾಲ ಶ್ರದ್ಧೆಯಿಂದ ಬರೆದೆನು. ದಿನಕ್ಕೆ 1,500 ಕ್ಯಾಲೊರಿಯ ಆಸುಪಾಸಿನಲ್ಲಿ ಲೆಕ್ಕ ನಿಲ್ಲುತ್ತಿತ್ತು. ಮನಸ್ಸಿನಲ್ಲಿ ಒಂದು ಬಗೆಯ ಅಭಿಮಾನವೂ ಮೂಡಿತ್ತು. ಆದರೆ ದೇಹದ ತೂಕ ಇಳಿಯಲಿಲ್ಲ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯಲ್ಲೂ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ‘ಆ್ಯಪ್ ಸುಳ್ಳು ಹೇಳುತ್ತಿದೆ’ ಎಂದು ನಾನು ವೈದ್ಯರ ಮುಂದೆ ದೂರಿದೆನು. ಅವರು ನಕ್ಕು ಸುಮ್ಮನಾದರು.

ದೀಪಾವಳಿ ಸಮೀಪಿಸಿತು. ಭಗವಾನ್ ಮಹಾವೀರರ ನಿರ್ವಾಣ ದಿನದಂದು ಹೊಸ ಖಾತೆಯನ್ನು ತೆರೆಯುವ ಮೊದಲು ಅಂಗಡಿಯ ದಾಸ್ತಾನನ್ನು ತಾಳೆ ನೋಡುವುದು ನಮ್ಮ ಪದ್ಧತಿ. ಪುಸ್ತಕದಲ್ಲಿ ಬರೆದದ್ದು ಒಂದು, ಗೋದಾಮಿನಲ್ಲಿರುವುದು ಇನ್ನೊಂದು ಆದರೆ ಎಲ್ಲೋ ಸೋರಿಕೆಯಿದೆಯೆಂದು ಅರ್ಥ. ಆ ರಾತ್ರಿ ನನಗೆ ಒಂದು ವಿಚಾರ ಹೊಳೆಯಿತು. ಅಂಗಡಿಗೆ ಮಾಡುವ ತಾಳೆಯನ್ನು ಅಡಿಗೆಮನೆಗೆ ಏಕೆ ಮಾಡಬಾರದು?

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ತಿಂಗಳಿಗೆ ಐದು ಲೀಟರಿನ ಒಂದು ಎಣ್ಣೆಯ ಡಬ್ಬಿ ಮುಗಿಯುತ್ತದೆ. ಐದು ಲೀಟರ್ ಎಣ್ಣೆಯೆಂದರೆ ಸುಮಾರು 4,600 ಗ್ರಾಂ. ಮೂವತ್ತು ದಿನಗಳಿಗೂ ನಾಲ್ಕು ಜನರಿಗೂ ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ. ಅತಿಥಿಗಳ ಪಾಲನ್ನೂ ಕರಿದು ಉಳಿದು ಚೆಲ್ಲಿದ್ದನ್ನೂ ಕಳೆದರೂ 30 ಗ್ರಾಂ ಉಳಿಯುತ್ತದೆ, ಎಂದರೆ 270 ಕ್ಯಾಲೊರಿ. ನಾನು ಆ್ಯಪಿನಲ್ಲಿ ಬರೆಯುತ್ತಿದ್ದುದು ಎರಡು ಚಹಾ ಚಮಚ, ಅಂದರೆ ಸುಮಾರು 80 ಕ್ಯಾಲೊರಿ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಹುರಿದ ಶೇಂಗಾದ ಒಂದು ಡಬ್ಬಿಯಿರುತ್ತದೆ. ಹದಿನೈದು ದಿನಕ್ಕೆ ಒಂದು ಕಿಲೋ ಖಾಲಿ. ಅರ್ಧವನ್ನು ಹಮಾಲರೂ ಗಿರಾಕಿಗಳೂ ತಿಂದರೆಂದು ಹಿಡಿದರೂ ನನ್ನ ಪಾಲಿಗೆ ದಿನಕ್ಕೆ 33 ಗ್ರಾಂ, ಸುಮಾರು 170 ಕ್ಯಾಲೊರಿ. ಇದನ್ನು ನಾನು ಒಂದು ದಿನವೂ ಬರೆದಿರಲಿಲ್ಲ. ‘ಕೈಯಾಡಿಸಿದ್ದು, ತಿಂದದ್ದಲ್ಲ’ ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು. ದಲಾಲರ ಅಂಗಡಿಯಲ್ಲಿ ಮರ್ಯಾದೆಗಾಗಿ ಕುಡಿದ ಸಕ್ಕರೆಯ ಚಹಾವನ್ನು ‘ಸಕ್ಕರೆ ಇಲ್ಲದ ಚಹಾ’ ಎಂದು ಬರೆದದ್ದೂ ಉಂಟು. ಮನೆಯವರು ಬದಿಯಲ್ಲಿ ನಿಂತು ನೋಡಿ, “ಏನ್ರೀ, ಇಷ್ಟು ವರ್ಷ ಗಿರಾಕಿಗೆ ಒಂದು ತೊಲಿ ಕಡಿಮಿ ತೂಗಿಲ್ಲ ಅಂತೀರಿ, ಮೊಬೈಲಿಗೆ ಯಾಕ ತೂಗ್ತೀರಿ?” ಎಂದರು. ಆ ಮಾತು ನನಗೆ ನಾಟಿತು.

ಈ ದೌರ್ಬಲ್ಯ ನನ್ನೊಬ್ಬನದೇ ಅಲ್ಲವೆಂದು ಸೊಸೆ ಹೇಳಿದಳು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ‘ನಾವು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ’ ಎನ್ನುತ್ತಿದ್ದ ಹತ್ತು ಜನರನ್ನು ಪರೀಕ್ಷಿಸಿದರು. ದೇಹವು ವ್ಯಯಿಸುವ ಶಕ್ತಿಯನ್ನು ವಿಶೇಷವಾದ ನೀರನ್ನು ಕುಡಿಸಿ ಅಳೆಯುವ ವಿಧಾನವಿದೆ. ಅದರಿಂದ ತಾಳೆ ನೋಡಿದಾಗ ಅವರು ತಿಂದದ್ದರಲ್ಲಿ ಶೇಕಡ 47ರಷ್ಟನ್ನು ಲೆಕ್ಕದಲ್ಲಿ ಹೇಳಿಯೇ ಇರಲಿಲ್ಲ. ಮಾಡಿದ ವ್ಯಾಯಾಮವನ್ನು ಮಾತ್ರ ಶೇಕಡ 51ರಷ್ಟು ಹೆಚ್ಚು ಹೇಳಿದ್ದರು. ಅವರ ದೇಹದ ಗುಣದಲ್ಲಿ ದೋಷವಿರಲಿಲ್ಲ. ಕೋಷ್ಟಕದ ತಪ್ಪು ಶೇಕಡ ಐದೋ ಹತ್ತೋ ಇದ್ದರೆ, ಬರೆಯುವವನ ಕೈಯ ತಪ್ಪು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

ಈ ಸಂಗತಿಯನ್ನು ಪೇಟೆಯ ಒಬ್ಬ ಮಿತ್ರರಿಗೆ ಹೇಳಿದಾಗ ಅವರು ಒಂದು ಪ್ರಶ್ನೆಯನ್ನು ಎತ್ತಿದರು. “ಅಣ್ಣಾ, ಆ ತಕ್ಕಡಿನೇ ಖರೇ ಇಲ್ಲ ಅಂತೀರಿ. ಸುಳ್ಳ ತಕ್ಕಡಿಗೆ ನಾವೊಂದು ಸುಳ್ಳ ಹೇಳಿದ್ರ ಏನಾತು? ಯಾರ ಗಂಟು ಹೋತು?” ಪ್ರಶ್ನೆ ಹಾಸ್ಯದಂತೆ ತೋರಿದರೂ ವಿಚಾರಾರ್ಹವಾಗಿದೆ. ಈ ಲೇಖನಕ್ಕೆ ಕಾರಣವೂ ಅದೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಅಚೌರ್ಯ ಅಣುವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕಮಾನೋನ್ಮಾನವೆಂಬುದನ್ನು ಸೇರಿಸಿದ್ದಾರೆ. ಕೊಡುವಾಗ ಕಡಿಮೆಯಾಗಿ, ಕೊಳ್ಳುವಾಗ ಹೆಚ್ಚಾಗಿ ಅಳೆಯುವುದೆಂದು ಅದರ ಭಾವ. ಅಲ್ಲಿ ಕಳೆದುಕೊಳ್ಳುವವನು ಎದುರಿಗಿರುವ ಮನುಷ್ಯ. ಮೊಬೈಲಿಗೆ ಕಡಿಮೆ ಬರೆದಾಗ ಯಾವ ಗಿರಾಕಿಯೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಹಾಗಾದರೆ ಇದು ಕಳವಲ್ಲವೆಂಬ ಮಿತ್ರರ ಮಾತನ್ನು ಒಪ್ಪುತ್ತೇನೆ. ಆದರೆ ಇದು ನಿರಪಾಯವೆಂಬುದನ್ನು ಒಪ್ಪಲಾರೆ. ಲೆಕ್ಕವನ್ನು ಬರೆದವನೂ ನಾನೇ, ಅದನ್ನು ಓದಿ ಮರುದಿನ ಎಷ್ಟು ಉಣ್ಣಬೇಕೆಂದು ನಿರ್ಧರಿಸುವವನೂ ನಾನೇ. ಕಡಿಮೆ ತೂಗಿದ ಮಾಲನ್ನು ಪೂರ್ತಿ ಬೆಲೆ ಕೊಟ್ಟು ಕೊಂಡ ಗಿರಾಕಿ ನಾನೇ ಆಗಿದ್ದೆನು. ನನ್ನ ರಕ್ತನಾಳಗಳೂ ಕಣ್ಣುಗಳೂ ಮೂತ್ರಪಿಂಡಗಳೂ ಅದರ ಬೆಲೆಯನ್ನು ತೆರಬೇಕಾಗಿದ್ದವು. ರಕ್ತವು ತನ್ನದೇ ಖಾತೆಯನ್ನು ಇಟ್ಟಿರುತ್ತದೆ. ಮೂರು ತಿಂಗಳಿಗೊಮ್ಮೆ ಅದು ಆ ಖಾತೆಯನ್ನು ತೆರೆದು ತೋರಿಸುತ್ತದೆ.

ಎರಡನೆಯದಾಗಿ, ತಕ್ಕಡಿ ಸರಿಯಿಲ್ಲವೆಂಬುದು ಸುಳ್ಳಿಗೆ ಪರವಾನಗಿಯಾಗಲಾರದು. ಪಾಸಂಗವಿರುವ ತಕ್ಕಡಿಯ ತಪ್ಪು ನಿನ್ನೆಯೂ ಅಷ್ಟೇ, ಇಂದೂ ಅಷ್ಟೇ. ಅದನ್ನು ಕಲ್ಲು ಕಟ್ಟಿ ಸರಿಪಡಿಸಬಹುದು. ಆದರೆ ತಟ್ಟೆಯ ಅಂಚಿಗೆ ಬೆರಳು ಒತ್ತುವವನ ತಪ್ಪಿಗೆ ನಿಯಮವಿಲ್ಲ. ಆಸೆ ಹೆಚ್ಚಿದ ದಿನ ಬೆರಳು ಹೆಚ್ಚು ಒತ್ತುತ್ತದೆ. ಹಬ್ಬದ ದಿನ ಶೇಂಗಾ ಹೋಳಿಗೆ ಮೂರಾದಾಗ ಎರಡು ಎಂದು ಬರೆಯುವ ಕೈ, ಏಕಭುಕ್ತದ ದಿನ ಅಂಕಿಯನ್ನು ಬಹಳ ನಿಖರವಾಗಿ ಬರೆಯುತ್ತದೆ. ಇಂತಹ ತಪ್ಪನ್ನು ಯಾವ ಕಲ್ಲೂ ಸರಿದೂಗಿಸದು. ಆದ್ದರಿಂದ ಉಪಕರಣ ಎಷ್ಟು ಅಪೂರ್ಣವೋ ಬಳಸುವವನು ಅಷ್ಟು ಹೆಚ್ಚು ಪ್ರಾಮಾಣಿಕನಾಗಿರಬೇಕು. ಮಿತ್ರರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇದು.

ಇಲ್ಲಿಗೇ ಮುಗಿಸಿದ್ದರೆ ಇದು ಪ್ರಾಮಾಣಿಕತೆಯ ಒಂದು ಸರಳ ಪಾಠವಾಗುತ್ತಿತ್ತು. ಆದರೆ ನಮ್ಮ ಕುಟುಂಬದಲ್ಲಿಯೇ ನಡೆದ ಇನ್ನೊಂದು ಸಂಗತಿ ನನ್ನನ್ನು ಹಾಗೆ ಮುಗಿಸಲು ಬಿಡಲಿಲ್ಲ. ಆಕೆಯ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತಮ್ಮನ ಮಗಳು ಪುಣೆಯಲ್ಲಿ ಓದುತ್ತಾಳೆ. ಅವಳೂ ಆ್ಯಪಿನಲ್ಲಿ ಲೆಕ್ಕವಿಡುತ್ತಿದ್ದಳು. ನನ್ನಂತೆ ಅವಳು ಒಂದು ಕಾಳನ್ನೂ ಬಚ್ಚಿಡಲಿಲ್ಲ. ವಸತಿಗೃಹದ ಕೋಣೆಯಲ್ಲಿ ಸಣ್ಣ ತೂಕದ ಯಂತ್ರವನ್ನು ಇಟ್ಟುಕೊಂಡು ಪ್ರತಿಯೊಂದನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಬರೆಯುತ್ತಿದ್ದಳು. ಆ್ಯಪ್ ಅವಳಿಗೆ ದಿನಕ್ಕೆ 1,200 ಕ್ಯಾಲೊರಿಯ ಗುರಿಯನ್ನು ಕೊಟ್ಟಿತ್ತು. ಗುರಿಗಿಂತ ಕೆಳಗಿಳಿದ ದಿನ ಹಸಿರು ಬಣ್ಣ, ಮೇಲೇರಿದ ದಿನ ಕೆಂಪು ಬಣ್ಣ. ಹಸಿರಿನ ಆಸೆಯಿಂದ 1,200 ಎಂಬುದು ಸಾವಿರವಾಯಿತು, ಸಾವಿರ ಎಂಟುನೂರಾಯಿತು. ದಶಲಕ್ಷಣ ಪರ್ವಕ್ಕೆ ಊರಿಗೆ ಬಂದವಳು ಹತ್ತೂ ದಿನ ಏಕಭುಕ್ತವನ್ನು ಆಚರಿಸಿದಳು. ಬಸದಿಯಲ್ಲಿ ಎಲ್ಲರೂ ಹೊಗಳಿದರು. ವ್ರತಿಗಳ ಸನ್ಮಾನದ ದಿನ ಟ್ರಸ್ಟಿನ ಪರವಾಗಿ ಅವಳಿಗೆ ಶಾಲನ್ನು ಹೊದಿಸಿದವನು ನಾನೇ. ಶಾಲಿನ ಕೆಳಗೆ ಹೆಗಲಿನ ಎಲುಬು ಕೈಗೆ ತಗುಲಿತು. ಆದರೂ ನಾನು ಏನನ್ನೂ ಕೇಳಲಿಲ್ಲ. ಒಂದೂವರೆ ತಿಂಗಳ ಅನಂತರ ಅವಳು ವಸತಿಗೃಹದ ಮೆಟ್ಟಿಲ ಮೇಲೆ ತಲೆತಿರುಗಿ ಬಿದ್ದಳು. ಇದು ತಪಸ್ಸಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂದು ವೈದ್ಯರು ಹೇಳಿದರು.

ಆಸ್ಪತ್ರೆಯಲ್ಲಿ ಅವಳು ನನ್ನನ್ನು ಕೇಳಿದ ಮಾತನ್ನು ಮರೆಯಲಾರೆ. “ದೊಡ್ಡಪ್ಪಾ, ನಾ ಒಂದೂ ಸುಳ್ಳ ಬರೆದಿಲ್ಲ. ಲೆಕ್ಕ ಎಲ್ಲಾ ಬರೋಬರಿ ಇತ್ತು. ಮತ್ತ ನನ್ನ ತಪ್ಪೇನು?” ಎಂದಳು. ಸುಳ್ಳು ಬರೆದ ನಾನು ಆಕೆಯ ಮಂಚದ ಪಕ್ಕದಲ್ಲಿ ಕುಳಿತಿದ್ದೆನು. ನನ್ನ ಬಳಿ ತಕ್ಷಣ ಉತ್ತರವಿರಲಿಲ್ಲ.

ಅನಂತರ ವಿಚಾರ ಮಾಡಿದಾಗ ನನಗೆ ತೋಚಿದ್ದು ಇಷ್ಟು. ತಕ್ಕಡಿ ಎಷ್ಟು ತೂಕವಿದೆಯೆಂದು ಹೇಳುತ್ತದೆ. ಎಷ್ಟು ಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಅದು ಮನೆಯಲ್ಲಿರುವವರ ಹಸಿವನ್ನು ಬಲ್ಲವರ ಕೆಲಸ. ಆದರೆ ಈ ಆ್ಯಪ್‌ಗಳು ಎರಡು ಕೆಲಸಗಳನ್ನೂ ಒಂದೇ ಧ್ವನಿಯಲ್ಲಿ ಮಾಡುತ್ತವೆ. ತಿಂದದ್ದರ ತೂಕವನ್ನೂ ಹೇಳುತ್ತವೆ, ತಿನ್ನಬೇಕಾದದ್ದರ ಗುರಿಯನ್ನೂ ಹೇಳುತ್ತವೆ. ಅನೇಕ ಆ್ಯಪ್‌ಗಳು ಗುರಿಯನ್ನು ಲೆಕ್ಕ ಹಾಕುವುದು 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜ್ಯೋರ್ ಎಂಬ ಸೂತ್ರದಿಂದ. 498 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ ಆ ಸೂತ್ರವನ್ನು ರಚಿಸಲಾಯಿತು. ವಯಸ್ಸು, ಎತ್ತರ, ತೂಕ, ಗಂಡೋ ಹೆಣ್ಣೋ ಎಂಬಷ್ಟರಿಂದ ಅದು ವಿಶ್ರಾಂತಿಯಲ್ಲಿರುವ ದೇಹಕ್ಕೆ ಬೇಕಾದ ಶಕ್ತಿಯನ್ನು ಅಂದಾಜು ಮಾಡುತ್ತದೆ. ಅಂದಾಜು ಉಪಯುಕ್ತವಾದದ್ದೇ. ಆದರೆ ನಮ್ಮ ಹುಡುಗಿಯ ತಲೆಸುತ್ತು, ಉದುರುತ್ತಿದ್ದ ಕೂದಲು, ನಿದ್ರೆಯಿಲ್ಲದ ರಾತ್ರಿ ಇವು ಆ ಸೂತ್ರದೊಳಗೆ ಇರಲಿಲ್ಲ. ನಾನು ಅಂಕಿಗೆ ಸುಳ್ಳು ಹೇಳಿದೆನು. ಅವಳು ಅಂಕಿಯು ಹೇಳಿದ್ದೇ ಪೂರ್ಣ ಸತ್ಯವೆಂದು ನಂಬಿದಳು. ವಸ್ತುವಿನ ಒಂದು ಧರ್ಮವನ್ನು ಹಿಡಿದು ಅದೇ ಸಮಸ್ತವೆಂದು ಸಾಧಿಸುವುದನ್ನು ನಮ್ಮ ಆಚಾರ್ಯರು ಏಕಾಂತವೆಂದು ಕರೆದಿದ್ದಾರೆ. ಕ್ಯಾಲೊರಿ ಎಂಬುದು ಅನ್ನದ ಒಂದು ಧರ್ಮ ಮಾತ್ರ.

ನಮ್ಮ ಪರಂಪರೆಯಲ್ಲಿಯೂ ಊಟದ ಎಣಿಕೆಯಿದೆ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಆರು ಬಾಹ್ಯತಪಗಳಲ್ಲಿ ಅನಶನದ ಅನಂತರ ಬರುವುದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಪುರುಷನ ಸಹಜ ಆಹಾರವನ್ನು 32 ಕವಳಗಳೆಂದೂ ಸ್ತ್ರೀಯ ಆಹಾರವನ್ನು 28 ಕವಳಗಳೆಂದೂ ಹೇಳಿದೆ. ಒಂದು ಕವಳವೆಂದರೆ ಸಾವಿರ ಅಕ್ಕಿಕಾಳುಗಳಷ್ಟು ಎಂಬ ವಿವರಣೆಯೂ ನಮ್ಮಲ್ಲಿ ಪ್ರಚಲಿತವಾಗಿದೆ. ವ್ಯಾಪಾರಿಯ ಬುದ್ಧಿ ಸುಮ್ಮನಿರದೆ ಒಂದು ಮಧ್ಯಾಹ್ನ ಸಾವಿರ ಕಾಳುಗಳನ್ನು ಎಣಿಸಿ ತೂಗಿದೆನು. ಸಣ್ಣ ಅಕ್ಕಿ 11 ಗ್ರಾಂ ತೂಗಿತು, ದಪ್ಪ ಅಕ್ಕಿ 17 ಗ್ರಾಂ. ಆ ಲೆಕ್ಕದಲ್ಲಿ 32 ಕವಳ ಸಣ್ಣ ಅಕ್ಕಿಗೆ ಸುಮಾರು 1,250 ಕ್ಯಾಲೊರಿ, ದಪ್ಪ ಅಕ್ಕಿಗೆ ಸುಮಾರು 1,940. ಶಾಸ್ತ್ರದ ಅಳತೆಗೂ ಪಾಸಂಗವುಂಟು! ಆದರೂ ಇದರಿಂದ ತಪಸ್ಸಿಗೆ ಯಾವ ಬಾಧಕವೂ ಇಲ್ಲ. ಏಕೆಂದರೆ ಅವಮೌದರ್ಯದಲ್ಲಿ ಲೆಕ್ಕ ಶುರುವಾಗುವುದು ತನ್ನ ಪೂರ್ಣ ಆಹಾರದಿಂದ. ಅಲ್ಲಿಂದ ಒಂದು ಕವಳ, ಎರಡು ಕವಳ ಎಂದು ಕಡಿಮೆ ಮಾಡುತ್ತ ಹೋಗುವುದು. ತನ್ನ ತೃಪ್ತಿ ಎಷ್ಟರಲ್ಲಿದೆಯೆಂದು ಅರಿಯದವನು ಅದಕ್ಕಿಂತ ಕಡಿಮೆ ಉಣ್ಣಲಾರನು. ನಮ್ಮ ಅವ್ವ ಜೀವಮಾನವಿಡೀ ಒಂದೇ ಹಿತ್ತಾಳೆಯ ಬಟ್ಟಲಿನಲ್ಲಿ ಅನ್ನವನ್ನು ಬಡಿಸಿಕೊಳ್ಳುತ್ತಿದ್ದಳು. ಪರ್ವದ ದಿನ ಆ ಬಟ್ಟಲನ್ನು ಎರಡು ಬೆರಳಿನಷ್ಟು ಕಡಿಮೆ ತುಂಬುತ್ತಿದ್ದಳು. ಜ್ವರ ಬಂದು ಎದ್ದ ವಾರ ಪೂರ್ತಿ ತುಂಬುತ್ತಿದ್ದಳು. ಆ ಬಟ್ಟಲಿನ ತೂಕವೆಷ್ಟೆಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತನಗೆ ಎಷ್ಟು ಬೇಕೆಂದು ಗೊತ್ತಿತ್ತು.

ಇಂದು ನಾನು ಆ್ಯಪನ್ನು ಬಿಟ್ಟಿಲ್ಲ, ಅದಕ್ಕೆ ಶರಣಾಗಿಯೂ ಇಲ್ಲ. ಮಧುಮೇಹಿಯಾದ ನನಗೆ ಲೆಕ್ಕ ಬೇಕು. ಅನುಭವದಿಂದ ಕಲಿತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತೇನೆ. ಬೇಯಿಸಿದ ಪದಾರ್ಥಕ್ಕಿಂತ ಹಸಿಯ ಹಿಟ್ಟು, ಅಕ್ಕಿ, ಬೇಳೆಗಳನ್ನು ತೂಗಿ ಬರೆದರೆ ತಪ್ಪು ಕಡಿಮೆ. ಉಂಡ ಮೇಲೆ ನೆನಪಿನಿಂದ ಬರೆಯುವುದಕ್ಕಿಂತ ಉಣ್ಣುವ ಮೊದಲು ಬರೆಯುವುದು ಮೇಲು. ತಿಂಗಳಿಗೊಮ್ಮೆ ಎಣ್ಣೆ, ಸಕ್ಕರೆ, ಶೇಂಗಾಗಳ ಖರ್ಚನ್ನು ತಲೆಗೆ ಹಂಚಿ ತಾಳೆ ನೋಡಬೇಕು. ಡಬ್ಬಿಗೆ ಸಂಕೋಚವಿಲ್ಲ, ಅದು ನಿಜವನ್ನೇ ಹೇಳುತ್ತದೆ. ಒಂದು ದಿನದ ಅಂಕಿಗೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ, ತಿಂಗಳ ಚಲನೆಯನ್ನು ನೋಡಿದರೆ ಸಾಕು. ಮಧುಮೇಹಕ್ಕೆ ಇನ್ಸುಲಿನ್ ಇಲ್ಲವೆ ಮಾತ್ರೆ ತೆಗೆದುಕೊಳ್ಳುವವರು ಉಪವಾಸ, ಏಕಭುಕ್ತಗಳಿಗೆ ಮೊದಲು ವೈದ್ಯರನ್ನು ಅವಶ್ಯವಾಗಿ ಕೇಳಬೇಕು. ಔಷಧ ಎಂದಿನಂತೆ ನಡೆದು ಊಟ ತಪ್ಪಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮನೆಯ ಮಕ್ಕಳು ಊಟವನ್ನು ಕಂಡು ಹೆದರತೊಡಗಿದರೆ, ಒಂದೇ ಸಮನೆ ಕೃಶರಾಗುತ್ತ ಹೋದರೆ, ಅದನ್ನು ವೈರಾಗ್ಯವೆಂದು ತಿಳಿಯದೆ ಕೂಡಿಸಿಕೊಂಡು ಪ್ರೀತಿಯಿಂದ ಮಾತನಾಡಿ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು.

ಟ್ರಸ್ಟಿನ ಸದಸ್ಯನಾಗಿ ಇನ್ನೊಂದು ಮಾತನ್ನು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ವ್ರತಿಗಳನ್ನು ಸನ್ಮಾನಿಸುವುದು ನಮ್ಮ ಸತ್ಸಂಪ್ರದಾಯ, ಅದು ನಡೆಯಲಿ. ಆದರೆ ಎಷ್ಟು ದಿನಗಳೆಂದು ಎಣಿಸುವ ಮೊದಲು ‘ಆರೋಗ್ಯವಾಗಿದ್ದೀಯಾ?’ ಎಂದು ಕೇಳುವ ಪದ್ಧತಿಯನ್ನೂ ಆರಂಭಿಸೋಣ. ಆ ಒಂದು ಪ್ರಶ್ನೆಯನ್ನು ನಾನು ಆ ದಿನ ಕೇಳಿದ್ದರೆ ಒಂದೂವರೆ ತಿಂಗಳು ಮೊದಲೇ ನಮ್ಮ ಮಗುವಿಗೆ ಚಿಕಿತ್ಸೆ ದೊರೆಯುತ್ತಿತ್ತು.

ಈಗ ಅವಳು ಚೇತರಿಸಿಕೊಳ್ಳುತ್ತಿದ್ದಾಳೆ. ಹೋದ ತಿಂಗಳು ಮನೆಗೆ ಬಂದಾಗ ನಮ್ಮ ಮನೆಯವರು ಬಿಸಿಯಾದ ರೊಟ್ಟಿ, ಶೇಂಗಾ ಹಿಂಡಿ, ಮೊಸರನ್ನು ಬಡಿಸಿದರು. ಅವಳು ಎರಡು ರೊಟ್ಟಿಗಳನ್ನು ಉಂಡಳು. ನಾನು ಒಂದೂವರೆ ಉಂಡು, ಒಂದೂವರೆ ಎಂದೇ ಬರೆದುಕೊಂಡೆನು. ಅವಳು ನನ್ನ ಮೊಬೈಲನ್ನು ಇಣುಕಿ ನೋಡಿ, “ದೊಡ್ಡಪ್ಪಾ, ಹಿಂಡಿ ಮ್ಯಾಲಿನ ಎಣ್ಣಿ?” ಎಂದಳು. ಅದನ್ನೂ ಬರೆದೆನು.

ಈ ಲೇಖನದಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದೇನಾದರೂ ಬಂದಿದ್ದರೆ ಬಲ್ಲವರು ತಿದ್ದಬೇಕೆಂದೂ, ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಬೇಕೆಂದೂ ಕೈಮುಗಿದು ಪ್ರಾರ್ಥಿಸುತ್ತೇನೆ.

ಜೈ ಜಿನೇಂದ್ರ.